ಮರಳು, ಇದ್ದಿಲು, ಸಾಣೆ: ಜಪಾನಿನ ಕತ್ತಿಯ ಕಥೆ

(ಸಂಜೆಯ ಉಪನ್ಯಾಸವೊಂದರ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿ ಇಲ್ಲವಾದ್ದರಿಂದ ಕೆಲವೆಡೆ ಮಾತನ್ನು ತುಸು ಬೆಳೆಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜಪಾನಿನ ಕತ್ತಿಯ ಬಗ್ಗೆ ಮಾತು ಅಂದರೆ ಥಳಥಳಿಸುವ ಅಲಗಿನ ಚಿತ್ರದಿಂದಲೇ ಶುರುವಾಗುತ್ತದೆ ಅಂದುಕೊಂಡು ಬಂದಿರುತ್ತೀರಿ. ನಾನು ಮೊದಲು ತೋರಿಸುತ್ತಿರುವುದು ಕತ್ತಿಯ ಬುಡವನ್ನು. ಹಿಡಿಯೊಳಗೆ ಅಡಗಿರುವ, ಕಟ್ಟಿಕೊಂಡವನ ಕಣ್ಣಿಗೂ ಬೀಳದ ಈ ಭಾಗಕ್ಕೆ ನಕಾಗೊ ಎನ್ನುತ್ತಾರೆ. ಅಲಗನ್ನು ಕನ್ನಡಿಯಂತೆ ಹೊಳೆಯಿಸುವ ಜನ ಬುಡದ ಕರಿ ತುಕ್ಕನ್ನು ಮಾತ್ರ ಮುಟ್ಟುವುದಿಲ್ಲ. ಕತ್ತಿಯ ವಯಸ್ಸಿಗೆ ಆ ತುಕ್ಕೇ ಸಾಕ್ಷಿ. ಯಾರೋ ಅಜ್ಜನ ಕತ್ತಿಯನ್ನು ಸ್ವಚ್ಛ ಮಾಡುತ್ತೇನೆಂದು ಬುಡವನ್ನು ಉಜ್ಜಿಬಿಟ್ಟರೆ ಅದರ ಬೆಲೆ ಅಲ್ಲಿಗೆ ಬಿದ್ದುಹೋಯಿತು.

ಚಿತ್ರದಲ್ಲಿರುವ ಕತ್ತಿಯ ಹೆಸರು ಯೊಶಿಮೊತೊ ಸಾಮೊಂಜಿ. ಕ್ಯೂಶೂ ದ್ವೀಪದ ಚಿಕುಜೆನ್ ಸೀಮೆಯಲ್ಲಿ 14ನೇ ಶತಮಾನದಲ್ಲಿ ಹುಟ್ಟಿದ್ದು. 1560ರಲ್ಲಿ ಒಕೆಹಾಜಾಮಾ ಎಂಬಲ್ಲಿ ಇಮಾಗಾವಾ ಯೊಶಿಮೊತೊ ಎಂಬ ಬಲಾಢ್ಯ ದೊರೆಯ ಮೇಲೆ ಒದಾ ನೊಬುನಾಗಾ ಎಂಬವನು ಸಣ್ಣ ಪಡೆ ಕಟ್ಟಿಕೊಂಡು ಎರಗಿದ. ಯೊಶಿಮೊತೊ ಸತ್ತ, ಅವನ ಕತ್ತಿ ನೊಬುನಾಗಾನ ಪಾಲಾಯಿತು. ಅವನು ಅದನ್ನು ಬುಡದ ಕಡೆಯಿಂದ ಕತ್ತರಿಸಿ ಗಿಡ್ಡ ಮಾಡಿಸಿ, ಬುಡದ ಒಂದು ಮಗ್ಗುಲಿಗೆ ಇಂಥ ವರ್ಷ, ಐದನೆಯ ತಿಂಗಳ 19ನೇ ದಿನ ಯೊಶಿಮೊತೊ ಸತ್ತಾಗ ಅವನ ಬಳಿ ಇದ್ದ ಕತ್ತಿ ಇದು ಎಂದು ಚಿನ್ನ ಕೂರಿಸಿ ಬರೆಸಿದ. ಇನ್ನೊಂದು ಮಗ್ಗುಲಿಗೆ ತನ್ನ ಹೆಸರು. ನೊಬುನಾಗಾ 1582ರಲ್ಲಿ ಸತ್ತ ಮೇಲೆ ಕತ್ತಿ ಹಿದೆಯೊಶಿಯ ಮನೆಗೆ, ಅಲ್ಲಿಂದ ತೊಕುಗಾವಾ ಇಯೆಯಾಸುವಿನ ಮನೆಗೆ ಹೋಯಿತು. ಒಡೆದು ಚೂರಾಗಿದ್ದ ಜಪಾನನ್ನು ಒಂದು ಮಾಡಿದ ಮೂವರ ಮನೆಯಲ್ಲೂ ಇದು ಬಾಳಿದೆ. 1657ರಲ್ಲಿ ಎದೊ ನಗರಕ್ಕೆ, ಅಂದರೆ ಇವತ್ತಿನ ಟೋಕಿಯೊಗೆ, ಬೆಂಕಿ ಬಿದ್ದಾಗ ಇದೂ ಸುಟ್ಟಿತು. ಸುಟ್ಟ ಅಲಗಿಗೆ ಹದ ಉಳಿಯುವುದಿಲ್ಲ. ಆದರೂ ಎಸೆಯಲಿಲ್ಲ, ಮತ್ತೆ ಹದ ಕೊಡಿಸಿ ಇಟ್ಟುಕೊಂಡರು. ಈಗ ಕ್ಯೋಟೊದಲ್ಲಿ ನೊಬುನಾಗಾನ ಹೆಸರಿನಲ್ಲಿರುವ ದೇಗುಲಕ್ಕೆ ಸೇರಿದ್ದು.

ಆಯುಧ ಅಂತ ನೋಡಿದರೆ ಗಿಡ್ಡ ಮಾಡಿದ, ಬೆಂಕಿಗೆ ಬಿದ್ದ, ಎರಡನೇ ಸಲ ಹದ ಕಂಡ ಈ ಕತ್ತಿಗೆ ಬೆಲೆ ಇರಬಾರದಿತ್ತು. ಆದರೆ ಕತ್ತಿಯ ಲೆಕ್ಕ ಬೇರೆ. ಇದನ್ನು ಬಡಿದ ಕಮ್ಮಾರನಷ್ಟೇ ಪಾತ್ರ ಉಜ್ಜಿದವನದು, ಬೆಲೆ ಕಟ್ಟಿದವನದು, ಪಟ್ಟಿಯಲ್ಲಿ ಬರೆದುಕೊಂಡವನದು. ಸಿನಿಮಾಗಳಲ್ಲಿ ನಾವು ಕಾಣುವುದು ಹೋರಾಡುವವನನ್ನು ಮಾತ್ರ. ಈ ಸಂಜೆ ನಾನು ಮಿಕ್ಕವರ ಪರವಾಗಿ ಮಾತಾಡಲು ಬಂದಿದ್ದೇನೆ ಅಂದುಕೊಳ್ಳಿ.

ಉಕ್ಕಿನಿಂದ ಶುರು ಮಾಡೋಣ.

ಜಪಾನಿನ ಪಶ್ಚಿಮಕ್ಕೆ ಶಿಮಾನೆ ಎಂಬ ಪ್ರಾಂತ, ಅದರ ಗುಡ್ಡಗಾಡಿನಲ್ಲಿ ಒಕುಇಜುಮೊ ಎಂಬ ಊರು. ಅಲ್ಲಿಯ ಕಲ್ಲು ಸವೆದು ಬಿದ್ದ ಮಣ್ಣಿನಲ್ಲಿ ಕಬ್ಬಿಣದ ಕರಿ ಮರಳು ಸಿಗುತ್ತದೆ. ಹಿಂದೆ ಗುಡ್ಡವನ್ನೇ ಕಡಿದು, ಮಣ್ಣನ್ನು ಕಾಲುವೆಯ ನೀರಿಗೆ ಬಿಡುತ್ತಿದ್ದರು. ಹಗುರ ಮಣ್ಣು ಕೊಚ್ಚಿಹೋಗಿ ಭಾರದ ಕರಿ ಮರಳು ತಳದಲ್ಲಿ ಉಳಿಯುತ್ತಿತ್ತು. ಕೆಳಗಿನ ಗದ್ದೆಯವರಿಗೆ ಇದರಿಂದ ಕಾಟ. ಹೊಳೆಯಲ್ಲಿ ಹೂಳು ತುಂಬುತ್ತಿತ್ತು. ಅದಕ್ಕೇ ಬೇಸಾಯವಿಲ್ಲದ ಚಳಿಗಾಲದಲ್ಲಷ್ಟೇ ಮರಳು ತೊಳೆಯಬೇಕೆಂಬ ಕಟ್ಟಳೆ. ಕಡಿದು ಸಮತಟ್ಟಾದ ಜಾಗಗಳನ್ನು ಆಮೇಲೆ ಮೆಟ್ಟಿಲು ಗದ್ದೆ ಮಾಡಿಕೊಂಡರು. ಇವತ್ತು ಒಕುಇಜುಮೊಗೆ ಹೋದರೆ ಕಣ್ಣಿಗೆ ತಂಪಾಗಿ ಕಾಣುವ ಎಷ್ಟೋ ಗದ್ದೆಗಳು ಹಳೆಯ ಗಣಿಗಳೇ.

ಈ ಮರಳನ್ನು ಉಕ್ಕು ಮಾಡುವ ಕುಲುಮೆಗೆ ತತಾರಾ ಎಂದು ಹೆಸರು. ಮಣ್ಣಿನಲ್ಲಿ ಕಟ್ಟಿದ, ಸುಮಾರು ಮೂರು ಮೀಟರ್ ಉದ್ದದ, ಎದೆಮಟ್ಟದ ತೊಟ್ಟಿ. ಒಂದು ಸಲ ಉರಿಸಿದರೆ ಮೂರು ಹಗಲು ಮೂರು ರಾತ್ರಿ. ಅರ್ಧ ಗಂಟೆಗೊಮ್ಮೆ ಮೇಲಿನಿಂದ ಒಂದಿಷ್ಟು ಮರಳು, ಒಂದಿಷ್ಟು ಇದ್ದಿಲು. ಒಟ್ಟು ಸುಮಾರು 10 ಟನ್ ಮರಳು, 12 ಟನ್ ಇದ್ದಿಲು ಒಳಗೆ ಹೋಗುತ್ತದೆ. ಕೊನೆಯ ದಿನ ಮಣ್ಣಿನ ಗೋಡೆಗಳನ್ನು ಕೊಕ್ಕೆ ಹಾಕಿ ಎಳೆದು ಕೆಡವುತ್ತಾರೆ. ಒಳಗೆ ಎರಡೂವರೆ ಟನ್ ತೂಕದ, ಕೆಂಡದಂತೆ ಉರಿಯುವ ಗಟ್ಟಿ. ಅದಕ್ಕೆ ಕೇರಾ ಎನ್ನುತ್ತಾರೆ. ಆರಿದ ಮೇಲೆ ಒಡೆದು, ಅದರಲ್ಲಿ ಕತ್ತಿಗೆ ಆಗುವ ಒಳ್ಳೆಯ ಉಕ್ಕನ್ನು ಆರಿಸಿಕೊಳ್ಳುತ್ತಾರೆ. ಅದೇ ತಮಾಹಗಾನೆ. ಇಡೀ ಗಟ್ಟಿಯಲ್ಲಿ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಆ ದರ್ಜೆಯದು.

ಈ ಕೆಲಸದ ಯಜಮಾನನನ್ನು ಮುರಾಗೆ ಎಂದು ಕರೆಯುತ್ತಾರೆ. ಜ್ವಾಲೆಯ ಬಣ್ಣ ನೋಡಿ, ಕುಲುಮೆಯ ಸದ್ದು ಕೇಳಿ, ಮುಂದಿನ ಸಲ ಎಷ್ಟು ಮರಳು ಎಲ್ಲಿ ಹಾಕಬೇಕು ಅನ್ನುವುದು ಅವನ ತೀರ್ಮಾನ. ಮೂರು ದಿನವೂ ಅವನಿಗೆ ಸರಿಯಾದ ನಿದ್ದೆ ಇಲ್ಲ. ತತಾರಾದ ದೇವಿ ಕನಾಯಾಗೊ. ಈಕೆಗೆ ಸಾವಿನ ಮೈಲಿಗೆ ತಟ್ಟುವುದಿಲ್ಲವಂತೆ. ಉಕ್ಕು ಕೂಡಿಬರದಿದ್ದಾಗ ಸತ್ತವರ ದೇಹವನ್ನು ಕುಲುಮೆ ಮನೆಯ ಕಂಬಕ್ಕೆ ಕಟ್ಟಿದರೆ ಎಲ್ಲ ಸರಿಹೋಗುತ್ತಿತ್ತು ಎಂಬ ಕಥೆಯೂ ಇದೆ. ಶಿಂತೋ ಪದ್ಧತಿಯಲ್ಲಿ ಸಾವೆಂದರೆ ದೊಡ್ಡ ಸೂತಕ. ಅಂಥದ್ದರಲ್ಲಿ ಇಂಥ ದೇವತೆ. ಬೆಂಕಿಯ ಜೊತೆ ಬದುಕುವವರ ದೇವರು ಊರಿನ ದೇವರ ಹಾಗೆ ಇರುವುದಿಲ್ಲ.

ತತಾರಾ ಒಂದು ಹಂತದಲ್ಲಿ ಪೂರ್ತಿ ಆರಿಹೋಗಿತ್ತು. ಹೊಸ ಕಾಲದ ಉಕ್ಕಿನ ಕಾರ್ಖಾನೆಗಳ ಎದುರು ಅದು ನಿಲ್ಲುವುದು ಸಾಧ್ಯವೇ ಇರಲಿಲ್ಲ. 1933ರಲ್ಲಿ ಸೈನ್ಯದ ಕತ್ತಿಗಳಿಗಾಗಿ ಮತ್ತೆ ಹೊತ್ತಿಸಿದರು, 1945ರಲ್ಲಿ ಯುದ್ಧ ಸೋತಾಗ ಅದೂ ನಿಂತಿತು. ಕಮ್ಮಾರರು ಹಳೆಯ ದಾಸ್ತಾನು, ಹಳೆಯ ಮೊಳೆ, ಸಿಕ್ಕಿದ್ದರಲ್ಲಿ ಕಾಲ ಹಾಕಿದರು. ಕತ್ತಿ ಸಂರಕ್ಷಣೆಯ ಸಂಘದವರು ಒಕುಇಜುಮೊದಲ್ಲಿ ಮತ್ತೆ ಕುಲುಮೆ ಹೊತ್ತಿಸಿದ್ದು 1977ರಲ್ಲಿ. ಅಬೆ ಯೊಶಿಜೊ ಎಂಬ ಹಳೆಯ ಮುರಾಗೆ ಇನ್ನೂ ಬದುಕಿದ್ದರಿಂದ ವಿದ್ಯೆ ಕೈ ದಾಟಿತು. ಇನ್ನೊಂದು ತಲೆಮಾರು ತಡವಾಗಿದ್ದರೆ ನಾನು ಇಷ್ಟು ವಿವರವಾಗಿ ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಈಗಲೂ ಚಳಿಗಾಲದಲ್ಲಿ ಕೆಲವೇ ಸಲ ಉರಿಸುತ್ತಾರೆ. ದೇಶದ ಕತ್ತಿ ಕಮ್ಮಾರರಿಗೆ ಉಕ್ಕು ಹಂಚಿಕೆಯಾಗುವುದು ಅಲ್ಲಿಂದಲೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಜಪಾನಿನ ಕಬ್ಬಿಣ ಕೀಳು, ಅದಕ್ಕೇ ಅಷ್ಟೊಂದು ಮಡಿಸಿ ಬಡಿಯಬೇಕಾಯಿತು ಎಂದು ಇಂಟರ್ನೆಟ್ಟಿನಲ್ಲಿ ಎಲ್ಲರೂ ಬರೆಯುತ್ತಾರೆ. ಅರ್ಧ ಸತ್ಯ. ಉಕ್ಕಿಗೆ ನಿಜವಾದ ಶತ್ರುಗಳು ರಂಜಕ ಮತ್ತು ಗಂಧಕ. ಈ ಮರಳಿನಲ್ಲಿ ಅವೆರಡೂ ಬಹಳ ಕಡಿಮೆ. ತೊಂದರೆ ಇರುವುದು ತತಾರಾದಲ್ಲಿ ಉಕ್ಕು ಪೂರ್ತಿ ಕರಗುವುದಿಲ್ಲ ಎಂಬಲ್ಲಿ. ಗಟ್ಟಿಯ ಒಂದು ಕಡೆ ಇಂಗಾಲ ಹೆಚ್ಚು, ಇನ್ನೊಂದು ಕಡೆ ಕಡಿಮೆ, ನಡುನಡುವೆ ಕಿಟ್ಟ. ಆ ಏರುಪೇರನ್ನು ಸರಿಮಾಡುವುದೇ ಕತ್ತಿ ಕಮ್ಮಾರನ ಅರ್ಧ ಕೆಲಸ.

ಅವನು ಮೊದಲು ಉಕ್ಕಿನ ತುಂಡುಗಳನ್ನು ಕಾಯಿಸಿ ತೆಳ್ಳಗೆ ತಟ್ಟಿ ನೀರಿಗೆ ಹಾಕುತ್ತಾನೆ. ಆಮೇಲೆ ಸುತ್ತಿಗೆಯಿಂದ ಒಂದೊಂದೇ ಒಡೆಯುತ್ತಾನೆ. ಪಟ್ಟೆಂದು ಒಡೆದರೆ ಇಂಗಾಲ ಹೆಚ್ಚಿದೆ, ಅದು ಹೊರಪದರಕ್ಕೆ. ಒಡೆಯದೆ ಬಾಗಿದರೆ ಮೆತ್ತನೆಯದು, ಒಳ ತಿರುಳಿಗೆ. ಪ್ರಯೋಗಾಲಯ ಇಲ್ಲದೆ ಇಂಗಾಲ ಅಳೆಯುವ ಉಪಾಯ ಇದು. ಆರಿಸಿದ ತುಂಡುಗಳನ್ನು ಕಬ್ಬಿಣದ ಹಲಗೆಯ ಮೇಲೆ ಗೋಡೆ ಕಟ್ಟಿದಂತೆ ಜೋಡಿಸಿ, ಒದ್ದೆ ಕಾಗದದಲ್ಲಿ ಸುತ್ತಿ, ಹುಲ್ಲಿನ ಬೂದಿ ಹಚ್ಚಿ, ಮೇಲೆ ಮಣ್ಣಿನ ಗಂಜಿ ಸುರಿದು ಕುಲುಮೆಗೆ ಇಡುತ್ತಾನೆ. ಬೂದಿ ಮಣ್ಣು ಎರಡೂ ಗಾಳಿ ತಾಗದಂತೆ ಕಾಪಾಡುತ್ತವೆ. ಇಲ್ಲದಿದ್ದರೆ ಇಂಗಾಲವೆಲ್ಲ ಉರಿದು ಉಕ್ಕು ಬರೀ ಕಬ್ಬಿಣವಾಗುತ್ತದೆ. ಒಳಗಿನ ತನಕ ಕಾದ ಮೇಲೆ ಬಡಿದು ಒಂದಾಗಿಸಿ, ನಡುವೆ ಉಳಿಯಿಂದ ಗೀರಿ, ಮಡಿಸಿ, ಮತ್ತೆ ಬಡಿಯುವುದು.

ಎಷ್ಟು ಸಲ ಮಡಿಸುತ್ತಾರೆ? ಸಾವಿರ ಸಲ ಎಂದು ನೀವು ಕೇಳಿರಬಹುದು. ನಿಜವಾಗಿ 10ರಿಂದ 15 ಸಲ. ಮಡಿಸಿದ ಪ್ರತಿ ಸಲವೂ ಪದರ ಇಮ್ಮಡಿ. 15 ಸಲಕ್ಕೆ 32,768 ಪದರ. ಸಾವಿರದ ಕಥೆ ಪದರದ ಲೆಕ್ಕವನ್ನು ಮಡಿಕೆಯ ಲೆಕ್ಕ ಅಂದುಕೊಂಡದ್ದರಿಂದ ಹುಟ್ಟಿರಬೇಕು. ಚಿರೋಟಿ ಮಾಡುವವರಿಗೆ ಈ ಗಣಿತ ಹೇಳಿಕೊಡಬೇಕಿಲ್ಲ. ಒಂದು ವ್ಯತ್ಯಾಸ, ಇಲ್ಲಿ ಪದರ ಬಿಡಿಸಿಕೊಂಡರೆ ಕೆಲಸ ಕೆಟ್ಟಿತು. ಪ್ರತಿ ಮಡಿಕೆಯಲ್ಲೂ ಕಿಟ್ಟ ಕಿಡಿಯಾಗಿ ಹಾರುತ್ತದೆ, ತೂಕ ಇಳಿಯುತ್ತದೆ, ಇಂಗಾಲವೂ ಇಳಿಯುತ್ತದೆ. ಶೇ. 1ರಿಂದ 1.5ರಷ್ಟು ಇದ್ದದ್ದು ಕೊನೆಗೆ ಶೇ. 0.7ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಇನ್ನೂ ಮಡಿಸುತ್ತಾ ಹೋದರೆ ಹದ ಕೂರದ ಮೆತ್ತನೆ ಕಬ್ಬಿಣ ಕೈಗೆ ಬರುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಸುತ್ತಿಗೆಯ ಕೆಳಗಿನ ಉಕ್ಕಿನ ನಡತೆಯೇ ಹೇಳುತ್ತದೆ.

ಹೀಗೆ ಹದಗೊಂಡ ಗಡಸು ಉಕ್ಕನ್ನು ಮೆತ್ತನೆಯ ತಿರುಳಿನ ಸುತ್ತ ಹೊದಿಸಿ, ಎರಡನ್ನೂ ಬೆಸೆದು, ಉದ್ದಕ್ಕೆ ಎಳೆದು ಕತ್ತಿಯ ಆಕಾರ ಕೊಡುತ್ತಾರೆ. ಹೊದಿಸುವ ವಿಧಾನ ಮನೆತನಕ್ಕೊಂದು. ಆ ಪಟ್ಟಿಗೆ ಹೋಗುವುದಿಲ್ಲ.

ಈಗ ನನಗೆ ತುಂಬಾ ಇಷ್ಟದ ಭಾಗ: ನೀರು ಕುಡಿಸುವುದು.

ಜೇಡಿಮಣ್ಣು, ಇದ್ದಿಲ ಪುಡಿ, ಸಾಣೆಕಲ್ಲಿನ ಪುಡಿ ಕಲಸಿ ಲೇಪ ಮಾಡುತ್ತಾರೆ. ಪ್ರತಿ ಮನೆತನದ ಅಳತೆ ಗುಟ್ಟು. ಈ ಲೇಪವನ್ನು ಕತ್ತಿಯ ಬೆನ್ನಿಗೆ ದಪ್ಪಗೆ, ಬಾಯಿಗೆ ತೀರಾ ತೆಳ್ಳಗೆ ಬಳಿಯುತ್ತಾರೆ. ಆಮೇಲೆ ಚಿಕ್ಕ ಕಡ್ಡಿಯ ಅಂಚಿನಿಂದ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಸಣ್ಣ ಸಣ್ಣ ಅಡ್ಡ ಗೆರೆ ಎಳೆಯುತ್ತಾರೆ. ಮಣ್ಣು ಒಣಗಿದ ಮೇಲೆ, ರಾತ್ರಿ, ಕುಲುಮೆ ಮನೆಯ ದೀಪ ಆರಿಸುತ್ತಾರೆ. ಇದು ಪೂಜೆಗಾಗಿ ಅಲ್ಲ. ಕಾದ ಉಕ್ಕಿನ ಬಣ್ಣ ಹಗಲಿನಲ್ಲಿ ಮೋಸ ಮಾಡುತ್ತದೆ; 700 ಡಿಗ್ರಿಗೂ 800 ಡಿಗ್ರಿಗೂ ನಡುವಿನ ಕೆಂಪು ಕತ್ತಲಲ್ಲಿ ಮಾತ್ರ ಸರಿಯಾಗಿ ಗುರುತಿಗೆ ಸಿಗುತ್ತದೆ. ಬುಡದಿಂದ ಮೊನೆಯ ತನಕ ಒಂದೇ ಬಣ್ಣ ಬಂದ ಗಳಿಗೆಯಲ್ಲಿ ಕತ್ತಿಯನ್ನು ತೊಟ್ಟಿಯ ನೀರಿಗೆ ಇಳಿಸುತ್ತಾರೆ.

ನೀರಿನೊಳಗೆ ನಡೆಯುವುದು ಕೆಲವು ಕ್ಷಣದ ಕೆಲಸ. ತೆಳು ಲೇಪದ ಬಾಯಿ ಥಟ್ಟನೆ ತಣಿದು ಅತಿ ಗಡಸಾಗುತ್ತದೆ. ಲೋಹಶಾಸ್ತ್ರದವರು ಮಾರ್ಟೆನ್‌ಸೈಟ್ ಎನ್ನುವ ಈ ರೂಪಕ್ಕೆ ಜಾಗ ಹೆಚ್ಚು ಬೇಕು, ಅಂದರೆ ಬಾಯಿಯ ಕಡೆ ಉಕ್ಕು ಹಿಗ್ಗುತ್ತದೆ. ದಪ್ಪ ಲೇಪದ ಬೆನ್ನು ನಿಧಾನ ತಣಿದು ಮೆತ್ತಗೇ ಉಳಿಯುತ್ತದೆ. ಕತ್ತಿ ಮೊದಲು ಬಾಯಿಯ ಕಡೆಗೆ ಒಂಚೂರು ಬಾಗಿ, ಆಮೇಲೆ ಬೆನ್ನಿನ ಕಡೆಗೆ ಮಣಿಯುತ್ತದೆ. ಜಪಾನಿನ ಕತ್ತಿಯ ಆ ಬಾಗು ಇದೆಯಲ್ಲ, ಅದರಲ್ಲಿ ಒಂದಷ್ಟನ್ನು ಕಮ್ಮಾರ ಸುತ್ತಿಗೆಯಲ್ಲಿ ತರುತ್ತಾನೆ, ಮಿಕ್ಕದ್ದು ನೀರಿನಲ್ಲಿ ತಾನಾಗಿ ಬರುತ್ತದೆ. ಎಷ್ಟು ಬರುತ್ತದೆ ಎಂಬುದನ್ನು ಮೊದಲೇ ಊಹಿಸಿ ಆಕಾರ ಕೊಟ್ಟಿರಬೇಕು. ಕೆಲವೊಮ್ಮೆ ನೀರಿನೊಳಗಿಂದ ಟಿಣ್ ಎಂದು ಸದ್ದು ಕೇಳುತ್ತದೆ. ಬಾಯಿ ಸೀಳಿತು ಅಂತ ಅರ್ಥ. ವಾರಗಟ್ಟಲೆ ಪಟ್ಟ ಶ್ರಮ ಗುಜರಿಗೆ.

ಗಡಸು ಬಾಯಿ ಮತ್ತು ಮೆತ್ತನೆ ಬೆನ್ನು ಕೂಡುವ ಗಡಿಯೇ ಹಾಮೋನ್, ಅಲಗಿನುದ್ದಕ್ಕೂ ಕಾಣುವ ಬಿಳಿ ಅಲೆಯ ಗೆರೆ. ಕೆಲವರದು ನೆಟ್ಟಗೆ, ಕೆಲವರದು ಅಲೆಅಲೆ, ಬಿಜೆನ್ ಸೀಮೆಯವರದು ಲವಂಗದ ಮೊಗ್ಗು ಸಾಲಾಗಿ ಜೋಡಿಸಿದ ಹಾಗೆ. ಅಡ್ಡ ಗೆರೆ ಎಳೆದಿದ್ದರಲ್ಲ, ಆ ಜಾಗಗಳಲ್ಲಿ ಮೆತ್ತನೆ ಉಕ್ಕಿನ ಎಳೆಗಳು ಬಾಯಿಯ ತನಕ ಇಳಿದಿರುತ್ತವೆ. ಬಾಯಿಯ ಅಂಚು ಚಕ್ಕೆ ಎದ್ದರೆ ಬಿರುಕು ಆ ಎಳೆಗೆ ಬಂದು ನಿಲ್ಲುತ್ತದೆ. ಉಪಯೋಗಕ್ಕೆಂದು ಹುಟ್ಟಿದ್ದು ಆಮೇಲೆ ಅಂದವಾಗಿ, ಕೊನೆಗೆ ಕಮ್ಮಾರನ ಹಸ್ತಾಕ್ಷರವೂ ಆಯಿತು. ಬುಡದಲ್ಲಿ ಸಹಿ ಇಲ್ಲದ ಕತ್ತಿಯನ್ನು ತಿಳಿದವರು ಇದನ್ನು ಓದಿಯೇ ಇಂಥವನದು ಎನ್ನುತ್ತಾರೆ.

ಇತಿಹಾಸವನ್ನು ಸ್ವಲ್ಪ ಬೇಗ ಓಡಿಸುತ್ತೇನೆ. ಮೊದಲಿಗೆ ಅಲ್ಲಿದ್ದದ್ದು ಚೀನಾ, ಕೊರಿಯಾ ಕಡೆಯಿಂದ ಬಂದ ನೇರ ಕತ್ತಿ. ಸೈತಾಮಾ ಪ್ರಾಂತದ ಇನಾರಿಯಾಮಾ ದಿಬ್ಬದಲ್ಲಿ 1968ರಲ್ಲಿ ಅಂಥದೊಂದು ಸಿಕ್ಕಿತ್ತು. ಹತ್ತು ವರ್ಷ ಕಳೆದು ತುಕ್ಕು ತಡೆಯಲೆಂದು ಎಕ್ಸ್‌ರೇ ತೆಗೆದರೆ ಒಳಗೆ ಚಿನ್ನದಲ್ಲಿ ಕೂರಿಸಿದ 115 ಅಕ್ಷರ! ಬಹುಪಾಲು ವಿದ್ವಾಂಸರು ಅದರ ಕಾಲವನ್ನು ಕ್ರಿ.ಶ. 471 ಎಂದು ಓದುತ್ತಾರೆ. ಬಾಗಿದ ಕತ್ತಿ ಬಂದದ್ದು 10ನೇ ಶತಮಾನದ ಆಸುಪಾಸಿನಲ್ಲಿ, ಕುದುರೆ ಏರಿ ಹೋರಾಡುವವರ ಜೊತೆಗೆ. ತಾಚಿ ಎಂಬ ಆ ಉದ್ದ ಕತ್ತಿಯನ್ನು ಬಾಯಿ ಕೆಳಗಾಗಿ ಸೊಂಟದಿಂದ ತೂಗಿಬಿಡುತ್ತಿದ್ದರು. ಇವತ್ತು ನಾವು ಕತಾನಾ ಎನ್ನುವುದು ಮುಂದೆ ಕಾಲಾಳುಗಳ ಕಾಲದಲ್ಲಿ ಬಂದದ್ದು. ಬಾಯಿ ಮೇಲಾಗಿ ನಡುಪಟ್ಟಿಗೆ ಸಿಕ್ಕಿಸುವಂಥದು.

ಗೊತೊಬಾ ಎಂಬ ಚಕ್ರವರ್ತಿಯ ಹೆಸರು ಇಲ್ಲಿ ಹೇಳಲೇಬೇಕು. 1198ರಲ್ಲಿ ಪಟ್ಟ ಬಿಟ್ಟ ಈತನಿಗೆ ಕತ್ತಿಯ ಹುಚ್ಚು. ದೇಶದ ಒಳ್ಳೆಯ ಕಮ್ಮಾರರನ್ನು ತಿಂಗಳಿಗೊಬ್ಬರಂತೆ ಸರದಿಯಲ್ಲಿ ಅರಮನೆಗೆ ಕರೆಸಿ, ತಾನೂ ಕುಲುಮೆಯ ಮುಂದೆ ನಿಂತು ಹದ ಕೊಡುತ್ತಿದ್ದನೆಂದು ಹಳೆಯ ಪಟ್ಟಿಗಳು ಹೇಳುತ್ತವೆ. ಅವನವು ಎನ್ನುವ ಕತ್ತಿಗಳ ಮೇಲೆ ಸೇವಂತಿಗೆಯ ಗುರುತು ಇದೆ. 1221ರಲ್ಲಿ ಕಾಮಾಕುರಾದ ಯೋಧ ಸರ್ಕಾರದ ಮೇಲೆ ತಿರುಗಿಬಿದ್ದು ಸೋತು, ಒಕಿ ದ್ವೀಪಕ್ಕೆ ಗಡಿಪಾರಾಗಿ ಅಲ್ಲೇ ಸತ್ತ. ರಾಜಕೀಯದಲ್ಲಿ ಸೋತ, ಆದರೆ ಕಮ್ಮಾರಿಕೆ ಅರಸರೂ ಕೈಹಾಕುವ ಕೆಲಸ ಎಂಬ ಮರ್ಯಾದೆ ಅವನಿಂದ ಬಂತು. ಕಾಮಾಕುರಾದ ಕಡೆಯಲ್ಲೇ 1300ರ ಸುಮಾರಿಗೆ ಇದ್ದವನು ಮಾಸಾಮುನೆ, ಎಲ್ಲರಿಗಿಂತ ದೊಡ್ಡ ಹೆಸರು. ಊರಾಗಿ ನೋಡಿದರೆ ಬಿಜೆನ್ ಸೀಮೆಯ ಒಸಾಫುನೆಗೆ ಸಾಟಿ ಇಲ್ಲ. ಯೊಶಿಇ ನದಿಯ ದಂಡೆಯಲ್ಲಿ ತಲೆಮಾರುಗಟ್ಟಲೆ ಕಮ್ಮಾರರ ಸಾಲು. 16ನೇ ಶತಮಾನದ ಕೊನೆಗೆ ಬಂದ ದೊಡ್ಡ ಪ್ರವಾಹ ಆ ಸಾಲನ್ನು ಮುಗಿಸಿತು.

ಹಾಗಾದರೆ ಯುದ್ಧದಲ್ಲಿ ಕತ್ತಿಯ ಪಾತ್ರ? ಬಹುಮಾನ ಕೇಳಲು ಯೋಧರು ತಮ್ಮ ಗಾಯಗಳ ಪಟ್ಟಿ ಬರೆದು ಸಲ್ಲಿಸುತ್ತಿದ್ದರು. 14ನೇ ಶತಮಾನದ ಅಂಥ ಕಾಗದಗಳು ಉಳಿದಿವೆ. ಅವುಗಳಲ್ಲಿ ಬಾಣದ ಗಾಯಗಳೇ ಹೆಚ್ಚು. ಆಮೇಲೆ ಈಟಿ ಬಂತು, 1543ರಲ್ಲಿ ಪೋರ್ಚುಗೀಸರ ಜೊತೆ ತಾನೆಗಾಶಿಮಾ ದ್ವೀಪಕ್ಕೆ ಬಂದೂಕು ಬಂತು. ಕತ್ತಿ ಮೊದಲಿನಿಂದಲೂ ಎರಡನೇ ಸಾಲಿನ ಆಯುಧ. ಅಂತರ್ಯುದ್ಧದ ಕಾಲದಲ್ಲಿ ಕಟ್ಟುಕಟ್ಟಾಗಿ ಅಗ್ಗದ ಕತ್ತಿ ಬಡಿದು ಮಾರಿದರು. ಮಿಂಗ್ ಚೀನಾಕ್ಕೆ ಹೋದ ಒಂದೊಂದು ನಿಯೋಗದ ಹಡಗುಗಳಲ್ಲಿ ಸಾವಿರಾರು, ಕೆಲವು ಸಲ ಹತ್ತಾರು ಸಾವಿರ ಕತ್ತಿ ರಫ್ತಾಯಿತು. ಅವುಗಳಲ್ಲಿ ಒಂದಕ್ಕೂ ಯಾರೂ ಹೆಸರಿಡಲಿಲ್ಲ. 1588ರಲ್ಲಿ ಹಿದೆಯೊಶಿ ರೈತರ ಮನೆಯ ಕತ್ತಿಗಳನ್ನೆಲ್ಲ ಕಿತ್ತುಕೊಂಡ. ಕ್ಯೋಟೊದಲ್ಲಿ ಕಟ್ಟಿಸುತ್ತಿದ್ದ ಬೃಹತ್ ಬುದ್ಧನ ಗುಡಿಗೆ ಮೊಳೆ ಬೇಕು, ಕೊಟ್ಟವರಿಗೆ ಪುಣ್ಯ ಎಂದು ಆಜ್ಞೆಯಲ್ಲಿ ಬರೆಸಿದ. ತಾನೇ ರೈತನ ಮಗನಾಗಿ ಹುಟ್ಟಿ ಮೇಲೆ ಬಂದವನು, ಏಣಿಯನ್ನು ಎಳೆದುಕೊಂಡ.

1603ರಿಂದ ಎರಡೂವರೆ ಶತಮಾನ ತೊಕುಗಾವಾ ಮನೆತನದ ಆಳ್ವಿಕೆ, ಶಾಂತಿಯ ಕಾಲ. ಕತ್ತಿ ಸಮುರಾಯ್‌ನ ಆತ್ಮ ಎಂಬ ಮಾತೆಲ್ಲ ಬೇರೂರಿದ್ದು ಈ ಕಾಲದಲ್ಲಿ, ಅಂದರೆ ಅದನ್ನು ಒರೆಯಿಂದ ತೆಗೆಯುವ ಕೆಲಸವೇ ಇಲ್ಲದಿದ್ದಾಗ. ದೊಡ್ಡದೊಂದು, ಚಿಕ್ಕದೊಂದು ಸೊಂಟದಲ್ಲಿ. ಉದ್ಯೋಗ ಕಚೇರಿಯಲ್ಲಿ ಲೆಕ್ಕ ಬರೆಯುವುದು. ಕತ್ತಿಯ ಹರಿತ ಪರೀಕ್ಷೆ ಮರಣದಂಡನೆಯಾದವರ ಶವದ ಮೇಲೆ ನಡೆಯುತ್ತಿತ್ತು. ಎದೊದಲ್ಲಿ ಯಾಮಾದಾ ಅಸಾಎಮೊನ್ ಎಂಬ ಹೆಸರು ಹೊತ್ತ ಮನೆತನಕ್ಕೆ ಅದೇ ವೃತ್ತಿ. ಎರಡು ದೇಹ ಕಡಿಯಿತು ಎಂದು ಬುಡದ ಮೇಲೆ ಚಿನ್ನದಲ್ಲಿ ಕೆತ್ತಿಸಿದ ಕತ್ತಿಗಳು ಇವತ್ತೂ ವಸ್ತುಸಂಗ್ರಹಾಲಯಗಳಲ್ಲಿವೆ. ಇದನ್ನು ಮುಚ್ಚಿಟ್ಟು ಬರೀ ಸೌಂದರ್ಯದ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

ಈ ಕಾಲದ ನಿಜವಾದ ನಾಯಕರು ಹೊನಾಮಿ ಮನೆತನದವರು. ಕತ್ತಿ ಉಜ್ಜುವುದು, ಒರೆಸುವುದು, ಇದು ಯಾರದೆಂದು ಹೇಳುವುದು ಇವರ ಕುಲಕಸುಬು. ಮನೆತನದ ಹಿರಿಯರು ಕೂತು ನೋಡಿ, ಒಪ್ಪಿದರೆ ದಪ್ಪ ಕಾಗದವನ್ನು ಮಡಿಸಿ ಪ್ರಮಾಣಪತ್ರ ಬರೆದುಕೊಡುತ್ತಿದ್ದರು. ಅದರಲ್ಲಿ ಇಷ್ಟು ಚಿನ್ನದ ನಾಣ್ಯ ಎಂದು ಬೆಲೆ. ದೊರೆಗಳು ಸಾಮಂತರಿಗೆ ಕತ್ತಿ ಉಡುಗೊರೆ ಕೊಡುವಾಗ ಕಾಗದವೂ ಜೊತೆಗೆ ಹೋಗುತ್ತಿತ್ತು. ಅಂದರೆ ಕತ್ತಿ ಒಂದು ರೀತಿಯ ದೊಡ್ಡ ಮೊತ್ತದ ನೋಟು. 1719ರಲ್ಲಿ ಶೋಗನ್, ಅಂದರೆ ದೇಶ ಆಳುವ ಸೇನಾಧಿಪತಿ, ಯೊಶಿಮುನೆಯ ಅಪ್ಪಣೆಯಂತೆ ಇವರು ದೇಶದ ಪ್ರಸಿದ್ಧ ಕತ್ತಿಗಳ ಪಟ್ಟಿ ಮಾಡಿಕೊಟ್ಟರು. ಸುಟ್ಟುಹೋದ ಕತ್ತಿಗಳಿಗೂ ಅದರಲ್ಲಿ ಜಾಗವಿದೆ.

ಉಜ್ಜುವುದು ಎಂದೆ. ಅದೂ ಹರಿತ ಮಾಡುವುದೂ ಒಂದೇ ಅಲ್ಲ. ಉಜ್ಜುವವನು ತಗ್ಗು ಮಣೆಯ ಮೇಲೆ ಕೂತು, ಸಾಣೆಕಲ್ಲನ್ನು ಹಿಡಿದಿಡುವ ಮರದ ತುಂಡನ್ನು ಬಲಗಾಲಿನಿಂದ ಒತ್ತಿಕೊಂಡಿರುತ್ತಾನೆ. ಕಲ್ಲು ಕದಲುವುದಿಲ್ಲ, ಅದರ ಮೇಲೆ ಕತ್ತಿ ಚಲಿಸುತ್ತದೆ. ಒರಟು ಕಲ್ಲಿನಿಂದ ಶುರುಮಾಡಿ ಒಂದರ ನಂತರ ಒಂದು ನಯವಾದ ಕಲ್ಲು. ಪ್ರತಿ ಕಲ್ಲೂ ಹಿಂದಿನದರ ಗೀರನ್ನು ಪೂರ್ತಿ ಅಳಿಸಬೇಕು. ಕೊನೆಯಲ್ಲಿ ಬರುವುದು ಕ್ಯೋಟೊ ಸುತ್ತಲಿನ ಬೆಟ್ಟದ ಉಚಿಗುಮೊರಿ ಎಂಬ ಕಲ್ಲು. ಅದರ ಚಕ್ಕೆಯನ್ನು ಉಗುರಿನಷ್ಟು ತೆಳ್ಳಗೆ ತೀಡಿ, ಹಿಂದೆ ಅರಗೆಣ್ಣೆಯಲ್ಲಿ ಕಾಗದ ಅಂಟಿಸಿ, ಹೆಬ್ಬೆರಳಿನ ಕೆಳಗಿಟ್ಟುಕೊಂಡು ಅಲಗಿನ ಮೇಲೆ ಇಷ್ಟಿಷ್ಟೇ ಓಡಿಸುತ್ತಾನೆ. ಒಂದು ಕತ್ತಿಗೆ ವಾರಗಳು ಹಿಡಿಯುತ್ತವೆ. ಕಮ್ಮಾರನ ಕುಲುಮೆಯಿಂದ ಬಂದಾಗ ಹಾಮೋನ್ ಸರಿಯಾಗಿ ಕಾಣುವುದಿಲ್ಲ. ಅದನ್ನು ಕಣ್ಣಿಗೆ ತರುವವನು ಇವನು. ಪ್ರತಿ ಸಲ ಉಜ್ಜಿದಾಗಲೂ ಕತ್ತಿ ಒಂದು ಕೂದಲೆಳೆ ಸವೆಯುತ್ತದೆ ಎಂಬುದನ್ನೂ ಮರೆಯಬಾರದು. ಆದ್ದರಿಂದ ಒಳ್ಳೆಯ ಕುಶಲಿ ಸಾಧ್ಯವಾದಷ್ಟು ಕಡಿಮೆ ಉಜ್ಜುತ್ತಾನೆ. ಏಳು ನೂರು ವರ್ಷದ ಅಲಗು ಇವತ್ತು ಇದೆ ಅಂದರೆ ಅಷ್ಟೂ ತಲೆಮಾರಿನವರು ಕೈ ಬಿಗಿಹಿಡಿದಿದ್ದರು.

1876ರಲ್ಲಿ, ಶೋಗನ್‌ಗಳ ಆಳ್ವಿಕೆ ಮುಗಿದ ಮೇಲೆ ಬಂದ ಮೇಜಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ನಿಷೇಧಿಸಿತು. ಕಮ್ಮಾರರು ಅಡುಗೆಮನೆಯ ಚಾಕು, ಕುಡುಗೋಲು ಬಡಿಯಲು ಹೋದರು. ಗಾಸ್ಸಾನ್ ಸಾದಾಕಾಜು, ಮಿಯಾಮೊತೊ ಕಾನೆನೊರಿ ಇಬ್ಬರನ್ನು 1906ರಲ್ಲಿ ಅರಮನೆಯ ಕಲಾವಿದರೆಂದು ನೇಮಿಸಿಕೊಂಡಿದ್ದರಿಂದ ಹಗ್ಗ ಪೂರ್ತಿ ಕಡಿಯಲಿಲ್ಲ. ಆಮೇಲೆ ಸೈನ್ಯ ಲಕ್ಷಗಟ್ಟಲೆ ಕತ್ತಿ ಮಾಡಿಸಿತು, ಬಹುಪಾಲು ಕಾರ್ಖಾನೆಯ ಉಕ್ಕಿನಲ್ಲಿ. ಆ ಕತ್ತಿಗಳು ಚೀನಾದಲ್ಲಿ, ಆಗ್ನೇಯ ಏಷ್ಯಾದಲ್ಲಿ ಮಾಡಿದ್ದನ್ನು ಅಲ್ಲಿಯ ಜನ ಇನ್ನೂ ಮರೆತಿಲ್ಲ.

1945ರಲ್ಲಿ ಅಮೆರಿಕನ್ ಸೈನ್ಯ ಎಲ್ಲ ಆಯುಧ ಒಪ್ಪಿಸಿ ಎಂದಾಗ ಹಳೆಯ ಕತ್ತಿಗಳೂ ಆ ರಾಶಿಗೆ ಬಿದ್ದವು. ಎಷ್ಟೋ ಕರಗಿದವು, ಎಷ್ಟೋ ಸೈನಿಕರ ಚೀಲದಲ್ಲಿ ಸಮುದ್ರ ದಾಟಿದವು. ತೊಕುಗಾವಾ ಮನೆತನದವರು ಹೊಂಜೊ ಮಾಸಾಮುನೆ ಎಂಬ, 1939ರಲ್ಲಿ ರಾಷ್ಟ್ರೀಯ ನಿಧಿ ಎನಿಸಿದ್ದ ಕತ್ತಿಯನ್ನು ಕಾನೂನು ಪಾಲಿಸಿ ಟೋಕಿಯೊದ ಮೆಜಿರೊ ಪೊಲೀಸ್ ಠಾಣೆಗೆ ಕೊಟ್ಟರು. ಅಲ್ಲಿಂದ ಅದನ್ನು ಒಬ್ಬ ಸಾರ್ಜೆಂಟ್ ಒಯ್ದ. ಆಮೇಲೆ ಕತ್ತಿಯ ಸುಳಿವಿಲ್ಲ. ಹೊಮ್ಮಾ ಜುಂಜಿ ಎಂಬ ವಿದ್ವಾಂಸರು ಅಮೆರಿಕನ್ ಸೈನ್ಯದ ಕರ್ನಲ್ ಕ್ಯಾಡ್ವೆಲ್ ಮುಂದೆ ಹೋಗಿ, ಇವು ಕಲಾಕೃತಿಗಳು, ಆಯುಧವೆಂದು ಎಣಿಸಬೇಡಿ ಎಂದು ವಾದಿಸಿದರು. ಕರ್ನಲ್ ಕಿವಿಗೊಟ್ಟ. ಆ ವಾದ ಗೆದ್ದದ್ದು ಹೊನಾಮಿಯವರ ಮುನ್ನೂರು ವರ್ಷದ ಕಾಗದಪತ್ರಗಳ ಬಲದಿಂದ ಎಂದು ನನ್ನ ಅಭಿಪ್ರಾಯ. ಪಟ್ಟಿ, ಪ್ರಮಾಣಪತ್ರ, ಮನೆತನದ ದಾಖಲೆ ಯಾವುದೂ ಇಲ್ಲದಿದ್ದರೆ ಯಾವ ಕರ್ನಲ್ ಒಪ್ಪುತ್ತಿದ್ದ?

ಇವತ್ತಿನ ಕಾನೂನೂ ಅದೇ ದಾರಿಯದು. ಜಪಾನಿನಲ್ಲಿ ಪರವಾನಗಿ ಇರುವುದು ಒಡೆಯನಿಗಲ್ಲ, ಕತ್ತಿಗೆ. ಪ್ರಾಂತದ ಶಿಕ್ಷಣ ಮಂಡಳಿ ಕತ್ತಿಯ ಉದ್ದ, ಬಾಗು, ಬುಡದ ಬರಹ ನಮೂದಿಸಿ ಚೀಟಿ ಕೊಡುತ್ತದೆ. ಕತ್ತಿ ಎಲ್ಲಿಗೆ ಹೋದರೂ ಚೀಟಿ ಜೊತೆಗಿರಬೇಕು. ಹೌದು, ಶಿಕ್ಷಣ ಮಂಡಳಿ. ಪೊಲೀಸರಲ್ಲ. ಕಾರ್ಖಾನೆ ಉಕ್ಕಿನ ಸೈನ್ಯದ ಕತ್ತಿಗೆ ಈ ಚೀಟಿ ಸಿಗುವುದಿಲ್ಲ. ಹೊಸದಾಗಿ ಕಮ್ಮಾರನಾಗಬೇಕೆಂದರೆ ಪರವಾನಗಿ ಇರುವ ಗುರುವಿನ ಹತ್ತಿರ ಸುಮಾರು ಐದು ವರ್ಷ ಸಂಬಳವಿಲ್ಲದ ಶಿಷ್ಯವೃತ್ತಿ, ಆಮೇಲೆ ಸರ್ಕಾರದ ತರಬೇತಿ. ಇದ್ದಿಲು ಕತ್ತರಿಸಲು ಕಲಿಯುವುದಕ್ಕೇ ಮೂರು ವರ್ಷ ಎಂಬ ಮಾತು ಅವರಲ್ಲಿದೆ. ಪರವಾನಗಿ ಸಿಕ್ಕಿದ ಮೇಲೂ ತಿಂಗಳಿಗೆ ಎರಡೇ ಉದ್ದ ಕತ್ತಿ ಮಾಡಬಹುದು. ಒಳ್ಳೆಯ ಹೆಸರಿದ್ದವನು ಬದುಕುತ್ತಾನೆ. ಮಿಕ್ಕವರು ಚಾಕು ಮಾಡುತ್ತಾರೆ, ಬೇರೆ ಕೆಲಸ ನೋಡುತ್ತಾರೆ. ಕಡಿಮೆ ಮಾಡಿದರೆ ಗುಣ ಉಳಿಯುತ್ತದೆ ಎಂಬುದು ನಿಯಮದ ಹಿಂದಿನ ತರ್ಕ. ಕಸುಬುದಾರನ ಹೊಟ್ಟೆಯ ಲೆಕ್ಕ ಅದರಲ್ಲಿ ಸೇರಿಲ್ಲ ಎಂದು ನನಗನ್ನಿಸುತ್ತದೆ.

ಹಾಗೆಂದು ಜನರ ಪ್ರೀತಿ ಕಡಿಮೆಯಾಗಿಲ್ಲ. 2015ರಲ್ಲಿ ಹಳೆಯ ಕತ್ತಿಗಳನ್ನು ಸುಂದರ ತರುಣರನ್ನಾಗಿ ಮಾಡಿದ ಒಂದು ಆನ್‌ಲೈನ್ ಆಟ ಬಂದ ಮೇಲೆ ವಸ್ತುಸಂಗ್ರಹಾಲಯಗಳ ಮುಂದೆ ಹುಡುಗಿಯರ ಸರದಿ. ಮೂಗು ಮುರಿದ ಹಿರಿಯರಿದ್ದರು. ಒಸಾಫುನೆ ಈಗ ಸೇರಿರುವ ಸೆತೊಉಚಿ ಎಂಬ ಪುಟ್ಟ ನಗರದವರು ತಮ್ಮೂರ ಸೀಮೆಯಲ್ಲಿ ಹುಟ್ಟಿದ ಸಾಂಚೊಮೊ ಎಂಬ ರಾಷ್ಟ್ರೀಯ ನಿಧಿಯನ್ನು ವಾಪಸು ತರಲು ದೇಣಿಗೆ ಎತ್ತಿದರು. ಬೆಲೆ 50 ಕೋಟಿ ಯೆನ್. 2020ರಲ್ಲಿ ಕತ್ತಿ ಮನೆಗೆ ಬಂತು.

ಇಲ್ಲಿಗೆ ನಾನು ನಿಲ್ಲಿಸಿದೆ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, "ಸ್ವಾಮಿ, ನಮ್ಮ ಕಡೆಯ ಉಕ್ಕಿಗೂ ಇದಕ್ಕೂ ಏನಾದರೂ ಸಂಬಂಧ ಉಂಟೇ?" ಎಂದು ಕೇಳಿದರು. ನೇರ ಸಂಬಂಧ ಇಲ್ಲ ಸಾರ್. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಂಥ ಕಡೆ ನಮ್ಮವರು ಮಾಡುತ್ತಿದ್ದದ್ದು ಮೂಸೆ ಉಕ್ಕು: ಕಬ್ಬಿಣವನ್ನೂ ಸಸ್ಯದ ಚೂರುಗಳನ್ನೂ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಪೂರ್ತಿ ಕರಗುವಂತೆ ಕಾಯಿಸುವುದು. ಕರಗಿದ್ದರಿಂದ ಅದರಲ್ಲಿ ಕಿಟ್ಟ ಬೇರೆಯಾಗುತ್ತದೆ, ಮಡಿಸುವ ಅಗತ್ಯ ಇಲ್ಲ. ಪಶ್ಚಿಮ ಏಷ್ಯಾದ ಕತ್ತಿಗಳ ಮೇಲಿನ ನೀರಲೆಯ ಚಿತ್ತಾರ ಅಂಥ ಉಕ್ಕು ಹೆಪ್ಪುಗಟ್ಟುವಾಗ ಒಳಗಿನಿಂದಲೇ ಹುಟ್ಟಿದ್ದು. ಜಪಾನಿನ ಅಲಗಿನ ಮೇಲಿನ ಮರದ ಎಳೆಯಂಥ ಚಿತ್ತಾರ ಮಡಿಕೆಯಿಂದ ಬಂದದ್ದು. ಎರಡನ್ನೂ ಬೆರೆಸಿ ಬರೆಯುವವರು ಬಹಳ. ನನ್ನ ಮಟ್ಟಿಗೆ ನೋವಿನ ಸಂಗತಿ ಬೇರೆ: ಮೂಸೆ ಉಕ್ಕಿನ ಕಸುಬು ನಮ್ಮಲ್ಲಿ ಯಾರ ಪಟ್ಟಿಗೂ ಸೇರದೆ ನಿಂತುಹೋಯಿತು. ಕೊನೆಯ ಮುರಾಗೆಯನ್ನು ಹುಡುಕಿಕೊಂಡು ಹೋದ ಹಾಗೆ ನಮ್ಮ ಕೊನೆಯ ಕುಲುಮೆಯವನನ್ನು ಯಾರೂ ಹುಡುಕಿಕೊಂಡು ಹೋಗಲಿಲ್ಲ.

ಕಾಲೇಜಿನ ಹುಡುಗಿಯೊಬ್ಬಳು, ಟೋಕಿಯೊಗೆ ಹೋದರೆ ಎಲ್ಲಿ ನೋಡಬೇಕು ಎಂದಳು. ಉಎನೊದಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯ, ರ‍್ಯೊಗೊಕುದಲ್ಲಿರುವ ಕತ್ತಿಗಳದೇ ಸಂಗ್ರಹಾಲಯ, ಎರಡಕ್ಕೂ ಹೋಗಮ್ಮ. ಗಾಜಿನ ಮುಂದೆ ನೇರ ನಿಂತರೆ ಬರೀ ಬಿಳಿ ಪಟ್ಟಿ ಕಾಣುತ್ತದೆ, ಎಲ್ಲರೂ ಅಷ್ಟು ನೋಡಿಕೊಂಡು ಮುಂದೆ ಹೋಗುತ್ತಾರೆ. ನೀನು ಮಂಡಿ ಬಗ್ಗಿಸಿ ತಲೆ ತಗ್ಗಿಸು, ಮೇಲಿನ ದೀಪದ ಪ್ರತಿಬಿಂಬ ಅಲಗಿನ ಮೇಲೆ ಬೀಳುವ ತನಕ ಅತ್ತಿತ್ತ ಸರಿ. ಆ ಬೆಳಕಿನ ಅಂಚಿನಲ್ಲಿ ಹಾಮೋನ್ ಎದ್ದು ಬರುತ್ತದೆ. ಮೊಬೈಲಿನಲ್ಲಿ ಅದು ಸರಿಯಾಗಿ ಬರುವುದಿಲ್ಲ, ಅದಕ್ಕೆ ಸಮಯ ಹಾಳು ಮಾಡಬೇಡ. ಬುಡವನ್ನೂ ಮರೆಯದೆ ನೋಡು, ಅಲ್ಲಿ ಹಿಡಿ ಬಿಚ್ಚಿಯೇ ಇಟ್ಟಿರುತ್ತಾರೆ.